ಮುನ್ನೂರ ನಾಲ್ಕನೇ ಪುಟದಾಚೆ

"ಕೊಲೆ ಮಾಡಿದ್ದು ಯಾರು? ಬೊಗಳು!"

ಕತ್ತಿನ ಹಿಂದೆ ಬಿದ್ದದ್ದು ಮನುಷ್ಯನ ಕೈ ಅಂತ ನಂಬುವುದಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕಾರು ಒನ್‌ವೇಯಲ್ಲಿ ಉಲ್ಟಾ ಓಡುತ್ತಿತ್ತು. ಅವನ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ನನ್ನ ಕತ್ತು. ಎದುರಿನಿಂದ ಬಂದ ಬಸ್ಸು ಹಾರ್ನ್ ಬಾರಿಸಿತು... ಇವನು ಕದಲಲಿಲ್ಲ. ಬಸ್ಸೇ ಪಕ್ಕಕ್ಕೆ ಹೋಯಿತು!

ಎಲ್ಲರೂ ಅವನನ್ನು ಗೂಳಿ ಅನ್ನುತ್ತಾರೆ. ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆದೊಯ್ಯುವ ಕ್ರೇನುಗಳ ಮಾಲೀಕ. ಎರಡು ಸಲ ಜೈಲು ನೋಡಿ ಬಂದವನು. ಕ್ರೇನ್ ಸಿಗದ ದಿನ ಲಾರಿಯನ್ನು ಕೈಯಲ್ಲೇ ಎಳೆಯುತ್ತಾನೆ ಅನ್ನುವ ಮಾತಿದೆ. ಆ ಮಧ್ಯಾಹ್ನದ ಮಟ್ಟಿಗೆ ನಾನು ಅದನ್ನು ನಂಬಿದೆ.

ನಾನು ಖಾಸಗಿ ಪತ್ತೇದಾರ. ಇನ್ಶೂರೆನ್ಸ್ ಕಂಪನಿಗೆ ಸುಳ್ಳು ಹೇಳಿದವರು, ಹೆಂಡತಿಗೆ ಸುಳ್ಳು ಹೇಳಿದವರು, ಎರಡೂ ಕಡೆ ಸುಳ್ಳು ಹೇಳಿದವರು... ಇವರ ಬೆನ್ನು ಹತ್ತುವುದೇ ನನ್ನ ಅನ್ನ. ಕತ್ತು ಹಿಡಿಸಿಕೊಳ್ಳುವುದು ನನಗೆ ಹೊಸದಲ್ಲ. ಯಾವ ಕೇಸಿಗೆ ಹಿಡಿದಿದ್ದಾರೆ ಅನ್ನುವುದು ಗೊತ್ತಿರಬೇಕು, ಅಷ್ಟೇ.

"ಯಾವ ಕೊಲೆ? ಗೋಡೌನ್ ವಾಚ್‌ಮನ್ ಕೇಸಾ?"

"ಅಲ್ಲ!"

"ಈಜುಕೊಳದ ಕೇಸಾ? ಅದು ಆಕ್ಸಿಡೆಂಟು ಕಣಯ್ಯಾ, ಪೊಲೀಸರೇ ಬರ್ದಿದಾರೆ..."

"ನಾಟಕ ಆಡ್ತೀಯಾ? ಕೊಂದಿರೋದು ಯಾರು ಅಂತ ನಿನಗೊಬ್ಬನಿಗೇ ಗೊತ್ತು. ಬರ್ದಿರೋದು ನೀನೇ!"

ಡ್ಯಾಶ್‌ಬೋರ್ಡ್ ಮೇಲಿಂದ ಏನನ್ನೋ ಎಳೆದು ನನ್ನ ಮಡಿಲಿಗೆ ಎಸೆದ.

ಪುಸ್ತಕ.

ಕಪ್ಪು ಕವರ್. ಅದರ ಮೇಲೆ ಅರ್ಧ ತೆರೆದ ಬಾಗಿಲು. 'ಮಾಳಿಗೆಯ ಕೆಮ್ಮು'. ಕೆಳಗೆ ನನ್ನ ಹೆಸರು!

ಕತ್ತು ಇನ್ನೂ ಅವನ ಕೈಯಲ್ಲೇ ಇತ್ತು. ಆದರೂ ನನ್ನ ಬಾಯಿಂದ ಬಂದ ಮಾತು ಏನು ಗೊತ್ತಾ?

"ಯಾವ ಅಂಗಡೀಲಿ ಸಿಕ್ತು?"

ಹೊಸ ಲೇಖಕರ ಬುದ್ಧಿಯೇ ಅಷ್ಟು. ನೇಣುಗಂಬದ ಮೇಲೆ ನಿಂತರೂ, ಹಗ್ಗ ಹಾಕುವವನು ನನ್ನ ಪುಸ್ತಕ ಓದಿದ್ದಾನಾ ಅಂತ ಕೇಳುತ್ತಾರೆ.

"ಕೊನೇ ಪುಟ ತೆಗಿ," ಅಂದ ಗೂಳಿ.

ತೆಗೆದೆ. ಮುನ್ನೂರ ನಾಲ್ಕು. ಕೊನೆಯ ಸಾಲು ಹೀಗಿತ್ತು:

'ನಾನು ದೀಪ ಹಾಕಿದೆ. ಕುರ್ಚಿಯ ಮೇಲೆ ಕೂತಿದ್ದದ್ದು'

ಅಷ್ಟೇ. ಮುಂದೆ ಏನೂ ಇಲ್ಲ. ಹಾಳೆ ತಿರುಗಿಸಿದರೆ ರಟ್ಟು. ರಟ್ಟಿನ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ಗಲ್ಲಕ್ಕೆ ಕೈ ಕೊಟ್ಟ ನನ್ನ ಫೋಟೋ.

ನನ್ನ ಪುಸ್ತಕ ಮುನ್ನೂರ ಇಪ್ಪತ್ತು ಪುಟದ್ದು. ಕೊನೆಯ ಹದಿನಾರು ಪುಟ ಮಾಯವಾಗಿತ್ತು!

ನಿಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಗಲೆಲ್ಲ ಊರವರ ಗುಟ್ಟು ಕೆದಕುವ ನನಗೆ, ಹೆದರಿಸುವ ಕಾದಂಬರಿ ಬರೆಯುವ ಹುಚ್ಚು ಹತ್ತಿ ವರ್ಷಗಳೇ ಆಗಿದ್ದವು. ಒಂಟಿ ಮನೆ. ಕೆಳಗೆ ಒಬ್ಬ ಪತ್ತೇದಾರ, ಕತೆ ಹೇಳುವವನೂ ಅವನೇ. ಮಾಳಿಗೆಯ ಬಾಡಿಗೆದಾರ ಕೊಲೆಯಾಗಿದ್ದಾನೆ. ಆದರೂ ದಿನಾ ಸಂಜೆ ಮೇಲಿನಿಂದ ಅವನ ಕೆಮ್ಮು ಕೇಳಿಸುತ್ತದೆ... ಇದು ಕತೆ. ಪ್ರಕಾಶಕರ ಬಾಗಿಲು ಬಡಿದೆ. ಒಬ್ಬ ಉದ್ದವಾಯಿತು ಅಂದ. ಒಬ್ಬ ಪ್ರೇಮಕತೆ ಇದ್ದರೆ ಕೊಡಿ ಅಂದ. ಇನ್ನೊಬ್ಬ ಹಸ್ತಪ್ರತಿಯನ್ನೇ ಕಳೆದುಹಾಕಿ, ತುಂಬಾ ಚೆನ್ನಾಗಿತ್ತು ಅಂದ!

ಹೋಗಲಿ ಅತ್ಲಾಗೆ ಅಂತ ನಾನೇ ಪ್ರಕಾಶಕನಾದೆ. ಕವರ್ ನನ್ನದು, ಕಾಗದ ನನ್ನದು, ಅಂಗಡಿಗೆ ಹೊತ್ತೊಯ್ಯುವ ಬೆನ್ನೂ ನನ್ನದು. ಅಂಗಡಿಯವರು ಕೆಳಗಿನ ಸಾಲಿನಲ್ಲಿ ತುರುಕಿದ್ದನ್ನು, ಅವರು ಆ ಕಡೆ ತಿರುಗಿದಾಗ ಎದುರಿಗೆ ತಂದು ಜೋಡಿಸುತ್ತಿದ್ದವನೂ ನಾನೇ. ಪುಸ್ತಕ ಬೈಂಡ್ ಆಗಿ ಕೈಗೆ ಬಂದ ದಿನ ಮೂಸಿ ನೋಡಿದೆ. ಹೆಸರು ನೋಡಿದೆ. ಫೋಟೋ ನೋಡಿದೆ. ಮೊದಲ ಪುಟ ಗಟ್ಟಿಯಾಗಿ ಓದಿದೆ.

ಕೊನೆಯ ಪುಟ ನೋಡಲಿಲ್ಲ. ನಾನೇ ಬರೆದದ್ದಲ್ಲವೇ, ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲವೇ?

ಆಮೇಲೆ ಹೊಗಳಿಕೆ ಶುರುವಾಯಿತು. ಬಿಡುಗಡೆಗೆ ಬಂದ ನಿವೃತ್ತ ಪ್ರಾಂಶುಪಾಲರು ಮೈಕ್ ಹಿಡಿದು, "ಆ ಅಂತ್ಯ! ಅಬ್ಬಾ!" ಅಂದರು. ಪತ್ರಿಕೆಯವನು 'ಎದೆಗಾರಿಕೆಯ ಅಂತ್ಯ' ಅಂತ ಬರೆದ. ಕ್ಷೌರದಂಗಡಿಯವನು ಕತ್ತಿ ನನ್ನ ಗಂಟಲ ಮೇಲಿಟ್ಟು, "ಆ ಎಂಡಿಂಗ್ ಮಾತ್ರ ಸಾರ್..." ಅಂತ ಕಣ್ಣು ಮುಚ್ಚಿದ. ನಾನು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಹೆಗ್ಗಣ ಊರಿಗೇ ಮುದ್ದಾಗಿದೆ ಅಂದುಕೊಂಡೆ.

ಒಬ್ಬನೂ ನನ್ನ ಅಂತ್ಯವನ್ನು ಓದಿಯೇ ಇರಲಿಲ್ಲ!

ಆ ಪುಟಗಳು ಎಲ್ಲಿ ಹೋದವು ಅಂತ ಆಗಲೇ ಹುಡುಕಬೇಕಿತ್ತು. ಆದರೆ ಕತ್ತು ಬಿಡಿಸಿಕೊಳ್ಳುವುದು ಮೊದಲು.

"ಸರಿ, ಹೇಳ್ತೀನಿ ಕೇಳು. ಕೊಂದಿದ್ದು..."

"ಏಯ್ ಏಯ್ ಏಯ್!"

ಗೂಳಿ ಸ್ಟೀರಿಂಗೂ ಬಿಟ್ಟ, ಕತ್ತೂ ಬಿಟ್ಟ, ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡ. ಕಾರು ಫುಟ್‌ಪಾತ್ ಹತ್ತಿ ದೀಪದ ಕಂಬದ ಪಕ್ಕದಲ್ಲಿ ನಿಂತಿತು.

"ನನಗೆ ಹೇಳ್ಬೇಡ! ನಾನಿನ್ನೂ ಇನ್ನೂರನೇ ಪುಟದಲ್ಲಿದೀನಿ!"

"ಮತ್ತೆ ಯಾರಿಗೆ ಹೇಳ್ಲಿ?"

ಅವನ ಮುಖ ಸಣ್ಣದಾಯಿತು. "ಅಮ್ಮನಿಗೆ."

ಅಮ್ಮ ಆಸ್ಪತ್ರೆಯಲ್ಲಿದ್ದಳು. ಎದೆಯ ವಾಲ್ವ್ ಕೆಟ್ಟಿತ್ತು. ಸಂಜೆಗೆ ಆಪರೇಷನ್. ಕೆಳಗಿನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಾನೇ ಇಟ್ಟುಬಂದಿದ್ದ ಪ್ರತಿಯನ್ನು ತರಿಸಿಕೊಂಡು ಓದಿದ್ದಾಳೆ. ಹೃದ್ರೋಗಿಗಳ ಆಸ್ಪತ್ರೆಯಲ್ಲಿ ಹಾರರ್ ಕಾದಂಬರಿ ಇಟ್ಟ ಬುದ್ಧಿವಂತ ನಾನು. ಮುನ್ನೂರ ನಾಲ್ಕನೇ ಪುಟಕ್ಕೆ ಬಂದು ನಿಂತವಳು ಹಟ ಹಿಡಿದಿದ್ದಾಳೆ. ಕೊಲೆಗಾರ ಯಾರು ಅಂತ ತಿಳಿಯದೆ ಆಪರೇಷನ್ ಥಿಯೇಟರಿಗೆ ಹೋಗುವುದಿಲ್ಲ!

"ಇವತ್ತು ತಪ್ಪಿದ್ರೆ ಆ ಡಾಕ್ಟರ್ ಮತ್ತೆ ಯಾವಾಗ ಬರ್ತಾರೋ ಗೊತ್ತಿಲ್ಲ. ಅಮ್ಮನಿಗೆ ಅಷ್ಟು ಟೈಮಿಲ್ಲ ಅಂತಿದಾರೆ," ಅಂದ ಗೂಳಿ. ಮೂಗು ಒರೆಸಿಕೊಂಡ. ಮತ್ತೆ ಕತ್ತು ಹಿಡಿದ. "ಅಮ್ಮನಿಗೆ ಏನಾದ್ರೂ ಆದ್ರೆ ನಿನ್ನ ಮುಂದಿನ ಪುಸ್ತಕ ನೀನೇ ಸತ್ತ ಮೇಲೆ ಬರೀಬೇಕು!"

ಆಸ್ಪತ್ರೆಯ ಮಂಚದಲ್ಲಿ ಮುದುಕಿ ದಿಂಬಿಗೆ ಒರಗಿ ಕೂತಿದ್ದಳು. ತೆಳ್ಳಗೆ, ನೆಟ್ಟಗೆ. ಮಹಿಳಾ ಜೈಲಿನಲ್ಲಿ ವಾರ್ಡರ್ ಆಗಿ ನಿವೃತ್ತಿಯಾದವಳು. ತಾಯಿ ಮಗ ಇಬ್ಬರೂ ಜೈಲಿನಲ್ಲಿ ಕಾಲ ಕಳೆದವರೇ. ಒಬ್ಬಳಿಗೆ ಸಂಬಳ ಕೊಟ್ಟರು, ಇನ್ನೊಬ್ಬನಿಗೆ ಕೊಡಲಿಲ್ಲ.

"ಬನ್ನಿ ಅಪ್ಪಾ. ಇವನು ಹೊಡೆದನಾ?"

"ಇಲ್ಲಮ್ಮ. ಹಿಡ್ಕೊಂಡಿದ್ದರು, ಅಷ್ಟೇ."

ಗೂಳಿ ಕಿವಿಗೆ ಬೆರಳಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನಿಂತ. ನಾನು ಹತ್ತಿರ ಕೂತು, ಗಂಟಲು ಸರಿಮಾಡಿಕೊಂಡೆ. ಆಕೆ ಕೈ ಎತ್ತಿ ತಡೆದಳು.

"ಬಾಯಲ್ಲಿ ಬೇಡ."

"ಯಾಕಮ್ಮ?"

"ಜೈಲಲ್ಲಿ ಇದನ್ನೇ ನೋಡಿದೀನಿ. ಕತ್ತು ಹಿಡಿದು ಕೇಳಿದ್ರೆ ಜನ ಯಾರ ಹೆಸರು ಬೇಕಾದ್ರೂ ಹೇಳ್ತಾರೆ. ನನ್ನನ್ನ ಥಿಯೇಟರಿಗೆ ಕಳಿಸೋದಕ್ಕೆ ನೀವೂ ಏನೋ ಒಂದು ಹೇಳ್ತೀರಿ. ನನಗೆ ಅಚ್ಚಾಗಿರೋ ಪುಟ ಬೇಕು."

"ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು..."

"ಈಗ ಹೊಸದಾಗಿ ಹೊಸೆದು ತಂದ್ರೆ ನನಗೆ ಹೇಗೆ ಗೊತ್ತಾಗುತ್ತೆ? ಪುಸ್ತಕದ ಜೊತೆ ಅಚ್ಚಾಗಿದ್ದು ತನ್ನಿ. ಇದೇ ಕಾಗದ. ಇದೇ ಅಕ್ಷರ."

ನರ್ಸು ಮಾತ್ರೆ ಹಿಡಿದು ಬಂದಳು. ಅದು ಗಾಬರಿ ತಗ್ಗಿಸುವ ಮಾತ್ರೆಯಂತೆ. ಮುದುಕಿ ಚೌಕಾಸಿಗಿಳಿದಳು: ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತೇನೆ, ಆದರೆ ಹಾಳೆ ಬಂದ ಮೇಲೇ ಮಂಚ ಬಿಟ್ಟು ಏಳುವುದು!

ಓಡಿದೆವು.

ಪ್ರೆಸ್ ಮೊದಲು. ಯಜಮಾನ ಮೆಷೀನಿನ ಸದ್ದಿಗೆ ಸರಿಯಾಗಿ ಕೂಗಿದ. "ಹದಿನಾರು ಪುಟಕ್ಕೆ ಒಂದು ಫಾರಂ ಸಾರ್! ನಿಮ್ಮದು ಇಪ್ಪತ್ತು ಫಾರಂ! ಇಪ್ಪತ್ತೂ ಹೊಡೆದು ಬೈಂಡಿಂಗಿಗೆ ಕಳಿಸಿದೀನಿ! ಬೇಕಿದ್ರೆ ನನ್ನ ತಾಯಾಣೆ!"

ಗೂಳಿ ಅವನ ಕಣ್ಣನ್ನೇ ದಿಟ್ಟಿಸಿದ. ತಾಯಿಯ ಮೇಲೆ ಆಣೆ ಇಟ್ಟವನನ್ನು ಆ ದಿನ ಅವನು ಹೊಡೆಯುವ ಹಾಗಿರಲಿಲ್ಲ.

ಪಕ್ಕದ ಬೀದಿಯಲ್ಲಿ ಬೈಂಡಿಂಗ್ ಶೆಡ್ಡು. ಅಂಟಿನ ವಾಸನೆ. ಸಾಲಾಗಿ ಕೂತು ಫಾರಂ ಮಡಚುತ್ತಿದ್ದ ಹೆಂಗಸರು. ಅವರಿಗೆಲ್ಲ ಒಡತಿ ಬೈಂಡಿಂಗ್ ಅಕ್ಕ, ದಬ್ಬಣ ಹಿಡಿದು ಪುಸ್ತಕ ಹೊಲಿಯುತ್ತಿದ್ದಳು. ತಲೆ ಎತ್ತಿದಳು. ನನ್ನನ್ನು ನೋಡಿದಳು.

ಹಿಂಬಾಗಿಲಿಂದ ಓಡಿದಳು!

"ಹಿಡೀರಿ!"

ಆಕೆ ಸ್ಕೂಟರ್ ಹತ್ತಿದಳು. ನಾವು ಕಾರು ಹತ್ತಿದೆವು. ಸ್ಕೂಟರ್ ಗಲ್ಲಿಗೆ ನುಗ್ಗಿತು. ಕಾರೂ ನುಗ್ಗಿತು, ಎರಡೂ ಕಡೆಯ ಕನ್ನಡಿ ಗೋಡೆಗೆ ಉಜ್ಜಿ ಉದುರಿದವು. ಮುಂದೆ ಅಡ್ಡಲಾಗಿ ಒಂದು ಕೈಗಾಡಿ. ಗೂಳಿ ಇಳಿದು ಗಾಡಿಯನ್ನು ಎತ್ತಿ ಪಕ್ಕದ ಕಾಂಪೌಂಡಿನೊಳಗೆ ಇಟ್ಟ. ಅಷ್ಟರಲ್ಲಿ ನಾನು ಓಡಿ ಮೂಲೆ ತಿರುಗಿದ್ದೆ. ಮುಂದೆ ದಾರಿಯಿಲ್ಲ, ಗೋಡೆ, ಗೋಡೆಗೆ ಒರಗಿದ ಖಾಲಿ ಸ್ಕೂಟರ್...

ಗಂಟಲಿಗೆ ತಣ್ಣಗೆ ಏನೋ ತಾಗಿತು.

ದಬ್ಬಣ.

"ಹತ್ರ ಬಂದ್ರೆ ಚುಚ್ತೀನಿ ಸಾರ್! ಗಟ್ಟಿ ರಟ್ಟಿನೊಳಗೇ ತೂರೋ ದಬ್ಬಣ ಇದು!"

"ಯಾಕೆ ಓಡಿದ್ರಿ?"

"ನೀವು ಪತ್ತೇದಾರರು. ಒಂದಲ್ಲ ಒಂದು ದಿನ ಬಂದೇ ಬರ್ತೀರಿ ಅಂತ ಗೊತ್ತಿತ್ತು." ಆಕೆ ಏದುಸಿರು ಬಿಟ್ಟಳು. "ಇಷ್ಟು ತಡ ಆಗುತ್ತೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ದಬ್ಬಣಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

"ಕೊನೇ ಫಾರಂ ಎಲ್ಲಿ?"

"ನನ್ನ ತಪ್ಪಿಲ್ಲ ಸಾರ್. ಮೇಡಂ ಬಂದು, ಲೇಖಕರು ಕೊನೇದನ್ನ ಬದಲಾಯಿಸ್ತಾರಂತೆ, ಅದೊಂದು ಬಿಟ್ಟು ಹೊಲೀರಿ ಅಂದ್ರು. ಹೊಲಿದೆ. ಮಡಚದೆ ಇಟ್ಟಿದ್ದ ಫಾರಂ ಅಷ್ಟನ್ನೂ ಆಟೋಗೆ ಹಾಕ್ಕೊಂಡು ಹೋದ್ರು. ಬದಲಾಯಿಸಿದ್ದು ಬರ್ಲೇ ಇಲ್ಲ. ಅಷ್ಟೊತ್ತಿಗೆ ನಿಮ್ಮ ಪುಸ್ತಕ ಅಂಗಡೀಲಿತ್ತು."

"ಯಾವ ಮೇಡಂ?"

ಬೈಂಡಿಂಗ್ ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಮರುಕ ಇತ್ತು.

"ಪ್ರೂಫ್ ನೋಡಿದ ಮೇಡಂ. ನಿಮ್ಮ ಮನೆಯವರು."

ಗೂಳಿ ಅಷ್ಟರಲ್ಲಿ ಬಂದು ನಿಂತಿದ್ದ. ಗೊಳ್ಳೆಂದು ನಕ್ಕುಬಿಟ್ಟ. ನನ್ನ ಕತ್ತು ಹಿಡಿದಾಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ!

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಜಗತ್ತಿನಲ್ಲಿ ಏನು ಕಂಡರೂ ಬೆಚ್ಚದವಳು. ಬಾಗಿಲು ತೆರೆದಳು. ನನ್ನ ಹಿಂದೆ ಬಾಗಿಲಿನಷ್ಟೇ ಅಗಲ ನಿಂತಿದ್ದ ಗೂಳಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಚಪ್ಪಲಿ ಹೊರಗೆ ಬಿಡಿ."

ಗೂಳಿ ಬಿಟ್ಟ.

"ಕೊನೇ ಫಾರಂ ಎಲ್ಲಿ?" ಅಂತ ನಾನು ಗುಡುಗಿದೆ. ಆರೋಪಿಗಳ ಹತ್ತಿರ ಬಳಸುವ ದನಿ ಅದು.

"ಕೂಗಬೇಡಿ. ಅಡುಗೆಮನೇಲಿದೆ."

ಹೋಗಿ ನೋಡಿದೆ. ಡಬ್ಬಗಳನ್ನು ಸರಿಸಿದೆ. ಗೂಡಿನ ಪ್ರತಿ ಹಲಗೆಯ ಮೇಲೂ ಬಿಡಿಸಿ ಹಾಸಿದ ಹಾಳೆ. ಉಪ್ಪಿನ ಡಬ್ಬದ ಕೆಳಗೆ ನನ್ನ ಅಂತ್ಯ. ಸಕ್ಕರೆ ಡಬ್ಬದ ಕೆಳಗೆ ನನ್ನ ಅಂತ್ಯ. ಕೋಣೆಗೆ ಓಡಿ ಬೀರು ತೆಗೆದೆ. ನನ್ನ ಅಂಗಿಗಳು ತಿಂಗಳುಗಟ್ಟಲೆಯಿಂದ ನನ್ನ ಕ್ಲೈಮ್ಯಾಕ್ಸಿನ ಮೇಲೇ ಮಲಗಿದ್ದವು! ದಿನಾ ಬೆಳಗ್ಗೆ ಅಲ್ಲಿಂದಲೇ ಅಂಗಿ ತೆಗೆದು ಹಾಕಿಕೊಂಡು, ಬೇರೆಯವರು ಬಚ್ಚಿಟ್ಟದ್ದನ್ನು ಹುಡುಕುವುದಕ್ಕೆ ಹೋಗುತ್ತಿದ್ದೆ ನಾನು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ... ಇದು ಬುಡವಲ್ಲ, ದೀಪದೊಳಗೇ ಕತ್ತಲು.

"ಯಾಕೆ ಮಾಡ್ದೆ?"

"ಓದಿದೆ. ಅದಕ್ಕೆ."

"ಅಂದ್ರೆ?"

"ಆ ಮುನ್ನೂರು ಪುಟದ ಪ್ರೂಫ್ ನೋಡುವಾಗ ಬಚ್ಚಲಿಗೆ ಒಬ್ಬಳೇ ಹೋಗೋದಕ್ಕೆ ಹೆದರ್ತಿದ್ದೆ ರೀ. ನಿಜವಾಗ್ಲೂ. ನಮ್ಮ ಮನೇಲಿ ಮಾಳಿಗೆ ಇಲ್ಲ ಅಂತ ಗೊತ್ತಿದ್ರೂ ಮೇಲೆ ನೋಡ್ತಿದ್ದೆ. ಇವರಿಗೆ ಇಷ್ಟು ಬರುತ್ತಾ ಅಂತ ಹೆಮ್ಮೆ ಆಯ್ತು." ಆಕೆಯ ದನಿ ಒಂದು ಕ್ಷಣ ಮೆತ್ತಗಾಯಿತು. "ಆಮೇಲೆ ಕೊನೇ ಹದಿನಾರು ಪುಟ. ನಿಮ್ಮ ಪತ್ತೇದಾರ ಎಲ್ಲರನ್ನೂ ಸಾಲಾಗಿ ಕೂರಿಸಿ ವಿವರಿಸೋದಕ್ಕೆ ಶುರು ಮಾಡ್ದ. ವಿವರಿಸ್ತಾನೆ, ವಿವರಿಸ್ತಾನೆ... ಥೇಟ್ ನೀವೇ! ಊಟಕ್ಕೆ ಕೂತಾಗ ಕೇಸಿನ ಕತೆ ಬಿಚ್ತೀರಲ್ಲ, ಹಾಗೆ. ನನಗೆ ಆಕಳಿಕೆ ಬಂತು."

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ!"

"ಹೇಳ್ದೆ. ಕಾಗುಣಿತ ನೋಡು ಸಾಕು, ಕತೆ ನನಗೆ ಬಿಡು ಅಂದ್ರಿ."

ಅಂದಿದ್ದೆ.

"ದಿನಾ ಹೊಸಬರಿಗೆ ಡ್ರೈವಿಂಗ್ ಕಲಿಸ್ತೀನಿ," ಅಂದಳು. "ಓಡಿಸೋದು ಎಲ್ಲರಿಗೂ ಬರುತ್ತೆ. ಎಲ್ಲಿ ಬ್ರೇಕ್ ಹಾಕಬೇಕು ಅನ್ನೋದೇ ಬರಲ್ಲ. ನಿಮಗೆ ನಾನು ಹಾಕಿದೆ."

ಸಿಟ್ಟು ನೆತ್ತಿಗೇರಿತು. ಮಾತಾಡಬೇಕು ಅಂತ ಬಾಯಿ ತೆರೆದೆ. ಗೂಳಿ ಗೋಡೆಯ ಗಡಿಯಾರ ತೋರಿಸಿದ.

"ಅಕ್ಕಾ, ನಿಮ್ಮ ಜಗಳ ಆಮೇಲೆ. ಅಮ್ಮ ಕಾಯ್ತಿದಾಳೆ."

ವಿಷಯ ಕೇಳಿದ ಮೇಲೆ ಹೆಂಡತಿ ಒಂದು ಕ್ಷಣವೂ ನಿಲ್ಲಲಿಲ್ಲ. ಸಕ್ಕರೆ ಡಬ್ಬದ ಕೆಳಗಿನ ಹಾಳೆಯನ್ನು ಎಳೆದು, ಕೊಡವಿ, ಸುರುಳಿ ಸುತ್ತಿ ನನ್ನ ಕೈಗಿಟ್ಟಳು. ಕಾರಿನ ಹತ್ತಿರ ಹೋಗಿ ಗೂಳಿಯ ಕೈಯಿಂದ ಕೀ ಕಿತ್ತುಕೊಂಡಳು.

"ಕನ್ನಡಿ ಎರಡೂ ಎಲ್ಲಿ ಹೋದ್ವು?"

"ಗಲ್ಲೀಲಿ..."

"ಹಿಂದೆ ಕೂತ್ಕೊಳ್ಳಿ. ಬೆಲ್ಟ್ ಹಾಕಿ."

ಗೂಳಿ ಬೆಲ್ಟ್ ಹಾಕಿದ. ಕೆಂಪು ದೀಪಕ್ಕೆಲ್ಲ ನಿಂತು, ತಿರುವಿಗೆಲ್ಲ ಕೈ ತೋರಿಸಿ, ಆಕೆ ಮೊದಲಿಗಿಂತ ಬೇಗ ಆಸ್ಪತ್ರೆ ಮುಟ್ಟಿಸಿದಳು. ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮುದುಕಿ ಮಾತ್ರೆ ನುಂಗಿ ಕಾಯುತ್ತಿದ್ದಳು. ಕಣ್ಣು ಸ್ವಲ್ಪ ತೇಲುತ್ತಿತ್ತು. ಬಾಗಿಲಲ್ಲಿ ಸ್ಟ್ರೆಚರ್ ನಿಂತಿತ್ತು.

ಹಾಳೆ ಬಿಡಿಸಿದೆ. ಮಂಚದಷ್ಟು ಅಗಲ. ನೀವು ಪ್ರೆಸ್ಸಿನ ಬಿಡಿ ಫಾರಂ ನೋಡಿದ್ದೀರಾ? ಹಾಳೆಯ ಆ ಮಗ್ಗುಲಿಗೆ ಎಂಟು ಪುಟ, ಈ ಮಗ್ಗುಲಿಗೆ ಎಂಟು. ಅರ್ಧ ನೆಟ್ಟಗೆ, ಅರ್ಧ ತಲೆಕೆಳಗೆ. ಮಡಚಿದರೆ ಮಾತ್ರ ಒಂದರ ಹಿಂದೆ ಒಂದು ಸರಿಯಾಗಿ ಬರುತ್ತವೆ. ನನಗೆ ಮಡಚುವುದಕ್ಕೆ ಬರಲಿಲ್ಲ. ಪುಸ್ತಕ ಬರೆದವನು ನಾನೇ, ಪ್ರಕಾಶಕನೂ ನಾನೇ! ಕೊನೆಗೆ ಗೂಳಿ ಅದನ್ನು ಪರದೆಯ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಓದಿಬಿಟ್ಟೇನು ಅಂತ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ತಿರುಗಿಸೋ," ಅನ್ನುವಳು ತಾಯಿ. ತಿರುಗಿಸುವನು.

"ತಲೆಕೆಳಗೆ ಮಾಡೋ." ಮಾಡುವನು.

"ಆ ಕಡೆ ಮಗ್ಗುಲು."

ನರ್ಸು ಗಡಿಯಾರ ನೋಡಿದಳು. ನಾನು ಮುದುಕಿಯ ಮುಖ ನೋಡಿದೆ. ನನ್ನ ಅಂತ್ಯವನ್ನು ಓದುತ್ತಿರುವ ಮೊದಲ ಓದುಗಿ... ಹೆಂಡತಿಯನ್ನು ಬಿಟ್ಟರೆ. ಇವಳೊಬ್ಬಳು ಚೆನ್ನಾಗಿದೆ ಅಂದರೆ ಸಾಕು, ಹೆಂಡತಿಯ ಕಡೆ ತಿರುಗಿ ಒಂದೇ ಒಂದು ನೋಟ ಕೊಡುತ್ತೇನೆ ಅಂದುಕೊಂಡೆ.

ಓದಿ ಮುಗಿಸಿದಳು. ಕನ್ನಡಕ ತೆಗೆದಳು. ಗೂಳಿ ಹಾಳೆ ಬಿಟ್ಟು ಕಿವಿಗೆ ಬೆರಳಿಟ್ಟುಕೊಂಡ.

"ಪಕ್ಕದ ಮನೆ ಡಾಕ್ಟರು."

"ಹೌದಮ್ಮ."

"ಕೆಮ್ಮು... ಟೇಪ್ ರೆಕಾರ್ಡರು?"

"ಹೌದಮ್ಮ. ಕಿಟಕಿಯ ಹಿಂದೆ ವೈರ್ ಎಳೆದು..."

"ಓದಿದೆ. ವೈರಿನ ವಿಷಯಾನೇ ಮೂರು ಪುಟ ಇದೆ."

ಮಗನ ಕೈ ಹಿಡಿದು ಕಿವಿಯಿಂದ ಬಿಡಿಸಿದಳು. ಆಮೇಲೆ ಅಂದಳು: "ಇವರಿಗೆ ಏನೂ ಮಾಡ್ಬೇಡ ಕಣೋ. ಪಾಪ."

ಪಾಪ!

ಕತ್ತು ಹಿಡಿದಿದ್ದಾರೆ, ದಬ್ಬಣ ಇಟ್ಟಿದ್ದಾರೆ, ಒಮ್ಮೆ ಎರಡನೇ ಮಹಡಿಯಿಂದ ನೂಕಿದ್ದಾರೆ. ಆ ಎರಡಕ್ಷರದಷ್ಟು ಯಾವುದೂ ನೋಯಿಸಿರಲಿಲ್ಲ.

ಆಕೆ ಕೊಟ್ಟ ಮಾತಿಗೆ ತಪ್ಪದೆ ಸ್ಟ್ರೆಚರ್ ಏರಿದಳು. ಥಿಯೇಟರಿನ ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಬೆಂಚು. ಒಂದು ತುದಿಗೆ ಹೆಂಡತಿ, ಒಂದು ತುದಿಗೆ ನಾನು. ಮಧ್ಯೆ ಗೂಳಿ ಕೂತು ಪುಸ್ತಕ ತೆಗೆದ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಅಂದ.

ನನಗೆ ಒಂದೇ ಯೋಚನೆ. ಮುದುಕಿ ಒಳಗೇ ಹೋಗಿಬಿಟ್ಟರೆ? ಆಕೆ ಬದುಕಿನಲ್ಲಿ ಕೊನೆಯದಾಗಿ ಓದಿದ್ದು ಏನು? ಕಿಟಕಿಯ ಹಿಂದಿನ ವೈರು! ಎಂಥ ಗಟ್ಟಿಗಿತ್ತಿ. ಒಂದು ಕತೆಯ ಕೊನೆ ತಿಳಿಯಬೇಕು ಅಂತ ಜೀವವನ್ನೇ ಒತ್ತೆ ಇಟ್ಟವಳು. ಅಂಥವಳಿಗೆ ನಾನು ಕೊಟ್ಟದ್ದು ಟೇಪ್ ರೆಕಾರ್ಡರು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಹೌದು, ಬಂತು. ನಗಬೇಡಿ.

ಪಕ್ಕದಲ್ಲಿ ಹಾಳೆ ತಿರುಗುವ ಸದ್ದು ನಿಂತಿತ್ತು. ನೋಡಿದೆ. ಗೂಳಿ ಮುನ್ನೂರ ನಾಲ್ಕನೇ ಪುಟದಲ್ಲಿದ್ದ. ಮುಖ ಬಿಳಿಚಿಕೊಂಡಿತ್ತು. ಪುಸ್ತಕ ಮುಚ್ಚಿದ. ಕಾರಿಡಾರಿನ ಕೊನೆಯ ತನಕ ಕಣ್ಣು ಹಾಯಿಸಿದ.

"ಸಾರ್..."

ಸಾರ್!

"ಹೇಳಿ."

"ಟಾಯ್ಲೆಟ್ಟಿಗೆ ಹೋಗಬೇಕಿತ್ತು. ಅದು ಆ ಕೊನೇಲಿದೆ. ಯಾರೂ ಇಲ್ಲ. ಸ್ವಲ್ಪ... ಜೊತೆಗೆ ಬರ್ತೀರಾ?"

ಹೋದೆ. ಬಾಗಿ‌ಲಾಚೆ ನಿಂತೆ. ಒಳಗಿನಿಂದ ಎರಡೆರಡು ಸಲ ಕೇಳಿದ: "ಇದ್ದೀರಾ ಸಾರ್?" ಯಾವುದೋ ವಾರ್ಡಿನಲ್ಲಿ ಯಾರೋ ಕೆಮ್ಮಿದರು. ಒಳಗೆ ಬಕೆಟ್ ಉರುಳಿಬಿತ್ತು!

ವಾಪಸ್ ಬಂದೆವು. ಹೆಂಡತಿ ನನ್ನನ್ನು ನೋಡಿದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಹೋಗಿ ಆಕೆಯ ಪಕ್ಕದಲ್ಲೇ ಕೂತೆ.

"ನಿನ್ನದೇ ಸರಿ ಕಣೇ," ಅಂದೆ.

"ಗೊತ್ತು ರೀ."

ಮುದುಕಿ ಬದುಕಿದಳು. ಡಾಕ್ಟರು ಮಾಸ್ಕ್ ಇಳಿಸಿ ಆ ಮಾತು ಹೇಳಿದಾಗ ಗೂಳಿ ನನ್ನನ್ನು ಅಪ್ಪಿ ಎತ್ತಿಯೇಬಿಟ್ಟ. ಪಕ್ಕೆಲುಬುಗಳು ಇನ್ನೂ ನೋಯುತ್ತವೆ. ಮಾರನೆಯ ದಿನ ಆಕೆಗೆ ಪೂರ್ತಿ ಎಚ್ಚರ ಬಂದ ಮೇಲೆ ನಮ್ಮನ್ನು ಒಳಗೆ ಬಿಟ್ಟರು. ನಾನು ಹೆಂಡತಿಯ ಹಿಂದೆ ಅರ್ಧ ಅಡಗಿ ನಿಂತೆ.

ಮುದುಕಿ ನನ್ನನ್ನು ಹುಡುಕಿ ಗುರುತು ಹಿಡಿದಳು.

"ಬಂದ್ರಾ ಅಪ್ಪಾ? ತಂದ್ರಾ ಹಾಳೆ?"

ಎಲ್ಲರೂ ಮುಖ ಮುಖ ನೋಡಿಕೊಂಡೆವು.

"ಅಮ್ಮಾ, ನೀನು ಓದಿದ್ಯಲ್ಲ!" ಅಂದ ಗೂಳಿ.

"ಯಾವಾಗ ಓದ್ದೆ? ಮಾತ್ರೆ ಕೊಟ್ಟರು. ಆಮೇಲೆ ಈಗಲೇ ನೋಡು."

ನರ್ಸು ಪಿಸುಗುಟ್ಟಿದಳು. "ಆ ಮಾತ್ರೆಗೆ ಹಾಗೇ. ತಗೊಂಡ ಮೇಲೆ ನಡೆದಿದ್ದು ಕೆಲವರಿಗೆ ನೆನಪಿರಲ್ಲ."

ಮರೆತಿದ್ದಳು. ಡಾಕ್ಟರು, ವೈರು, ಟೇಪ್ ರೆಕಾರ್ಡರು... ಪೂರ್ತಿ ಅಳಿಸಿಹೋಗಿತ್ತು!

ಹಾಳೆ ನನ್ನ ಕಂಕುಳಲ್ಲೇ ಇತ್ತು. ಬಿಡಿಸಿದರೆ ಆಯಿತು. ಹೇಳಿದರೆ ಆಯಿತು. ನನ್ನ ಜಾಯಮಾನ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಯಾರಾದರೂ 'ಹೇಗೆ' ಅಂತ ಕೇಳಿದರೆ ಸಾಕು, ನಾಲಗೆ ತುರಿಸುತ್ತದೆ.

ಹಾಳೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಹೆಂಡತಿ ಹಿಂದಿನಿಂದ ಮೆಲ್ಲಗೆ ಅದನ್ನು ಎಳೆದುಕೊಂಡಳು. ನಾನು ಬಿಟ್ಟೆ.

"ನಿಮಗೆ ಯಾರು ಅನ್ಸುತ್ತಮ್ಮ?"

ಮುದುಕಿ ಛಾವಣಿ ನೋಡುತ್ತಾ ಮಲಗಿದ್ದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಅಂದಳು:

"ಕುರ್ಚಿ ಮೇಲೆ ಕೂತಿದ್ದು ಅವನೇ ಅಲ್ವಾ? ದೀಪ ಹಾಕಿದ ಪತ್ತೇದಾರನೇ... ಕೊಂದೋನೂ ಅವನೇ, ದಿನಾ ಮೇಲೆ ಹೋಗಿ ಕೆಮ್ತಿದ್ದೋನೂ ಅವನೇ. ಪಾಪ, ಅವನಿಗೇ ಗೊತ್ತಿರ್ಲಿಲ್ಲ."

ಗೂಳಿ ನನ್ನ ತೋಳು ಹಿಡಿದುಕೊಂಡ. ಹೆಂಡತಿ ಬಾಗಿಲ ಕಡೆ ನೋಡಿದಳು. ಹಾಡು ಹಗಲಿನಲ್ಲಿ ನನ್ನ ಬೆನ್ನ ಮೇಲೆ ತಣ್ಣಗೆ ಏನೋ ಹರಿದುಹೋಯಿತು.

"ಹೌದಮ್ಮ," ಅಂದೆ. "ಅವನೇ."

ಇಷ್ಟು ವರ್ಷದ ವೃತ್ತಿಯಲ್ಲಿ, ಸಾಕ್ಷಿ ಕೇಳದೆ ಒಬ್ಬನನ್ನು ಕೊಲೆಗಾರ ಅಂತ ಒಪ್ಪಿಕೊಂಡದ್ದು ಅದೊಂದೇ ಸಲ.